ನಾನೂರು ಗಜ ದಾಟಲು ಏದುಸಿರು ಬಿಟ್ಟ ಜಾಲ

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯವೂ ಬರ್ಕ್ಲಿಯ ವಿಶ್ವವಿದ್ಯಾಲಯವೂ ನೆರೆಹೊರೆ. ನಡುವಿನ ದೂರ ಸುಮಾರು 400 ಗಜ; ನಿಧಾನವಾಗಿ ನಡೆದರೂ ಐದಾರು ನಿಮಿಷದ ದಾರಿ. 1986ರ ಅಕ್ಟೋಬರ್‌ನಲ್ಲಿ ಈ ಎರಡು ಸಂಸ್ಥೆಗಳ ಗಣಕಗಳ ನಡುವೆ ವಿಚಿತ್ರವೊಂದು ಜರುಗಿತು. ಸೆಕೆಂಡಿಗೆ 32 ಸಾವಿರ ಬಿಟ್‌ಗಳಂತೆ ಸಾಗುತ್ತಿದ್ದ ಮಾಹಿತಿ ಇದ್ದಕ್ಕಿದ್ದಂತೆ ಬರೇ 40 ಬಿಟ್‌ಗೆ ಇಳಿಯಿತು! ಒಂದು ಇಂಗ್ಲಿಷ್ ಅಕ್ಷರಕ್ಕೆ 8 ಬಿಟ್ ಬೇಕು. ಅಂದರೆ ಸೆಕೆಂಡಿಗೆ ಐದೇ ಅಕ್ಷರ. ಎರಡು ಸಾವಿರ ಅಕ್ಷರಗಳ ಒಂದು ಪುಟ ಮುಟ್ಟಲು 400 ಸೆಕೆಂಡು. ಅಷ್ಟರಲ್ಲಿ ಫ್ಲಾಪಿಯನ್ನು ಕಿಸೆಯಲ್ಲಿಟ್ಟುಕೊಂಡು ನಡೆದೇ ಹೋಗಿ ಕೊಟ್ಟುಬಿಡಬಹುದಿತ್ತು.

ತಂತಿ ತುಂಡಾಗಿರಲಿಲ್ಲ. ಹಾಗಾದರೆ ತೊಡಕು ಎಲ್ಲಿ? ಪ್ರಯೋಗಾಲಯದ ವಿಜ್ಞಾನಿ ವ್ಯಾನ್ ಜೇಕಬ್ಸನ್ ಈ ಪ್ರಶ್ನೆಯ ಬೆನ್ನು ಹತ್ತಿದರು. ಅವರಿಗೆ ಜೊತೆಯಾದವರು ವಿಶ್ವವಿದ್ಯಾಲಯದ ಮೈಕ್ ಕೇರಲ್ಸ್.

ಜಾಲದಲ್ಲಿ ಮಾಹಿತಿ ಇಡಿಯಾಗಿ ಹೋಗುವುದಿಲ್ಲ. ಪ್ಯಾಕೆಟ್ ಎಂಬ ಚಿಕ್ಕ ಚಿಕ್ಕ ಕಟ್ಟುಗಳಾಗಿ ಹೋಗುತ್ತದೆ. ಪ್ರತಿ ಕಟ್ಟು ತಲುಪಿದಾಗಲೂ ಆ ಕಡೆಯಿಂದ 'ಸಿಕ್ಕಿತು' ಎಂಬ ರಸೀದಿ ಬರಬೇಕು. ರಸೀದಿ ಹೊತ್ತಿಗೆ ಸರಿಯಾಗಿ ಬಾರದಿದ್ದರೆ ಕಟ್ಟು ಕಳೆದುಹೋಯಿತೆಂದು ಬಗೆದು ಗಣಕ ಅದನ್ನೇ ಮತ್ತೆ ಕಳಿಸುತ್ತದೆ. ಎಡವಟ್ಟಾದದ್ದು ಇಲ್ಲೇ. ಕಟ್ಟು ಕಳೆದಿರಲಿಲ್ಲ, ದಾರಿಯಲ್ಲಿ ಸರದಿ ಕಾಯುತ್ತಿತ್ತು, ಅಷ್ಟೆ. ಅದರ ಹಿಂದೆಯೇ ಅದರ ನಕಲು ಬಂದು ನಿಂತಿತು, ನಕಲಿನ ಹಿಂದೆ ಇನ್ನೊಂದು ನಕಲು. ಸರದಿ ಬೆಳೆದಷ್ಟೂ ರಸೀದಿ ತಡ; ತಡವಾದಷ್ಟೂ ನಕಲು ಹೆಚ್ಚು. ಕೊನೆಗೆ ಸಾಲಿನಲ್ಲಿ ಜಾಗವಿಲ್ಲದೆ ಕಟ್ಟುಗಳು ನಿಜವಾಗಿಯೂ ಬಿದ್ದುಹೋಗತೊಡಗಿದವು.

ಅಗಲ ಬಾಯಿಯ ಡಬ್ಬದಿಂದ ಸಣ್ಣ ಬಾಯಿಯ ಸೀಸೆಗೆ ಎಣ್ಣೆ ಹುಯ್ಯುವಾಗ ಆಲಿಕೆ ತುಂಬಿ ಚೆಲ್ಲುವುದನ್ನು ಎಲ್ಲರೂ ಬಲ್ಲರು. ಒಮ್ಮೆಲೇ ಸುರಿದರೆ ಸೀಸೆ ಬೇಗ ತುಂಬುವುದಿಲ್ಲ, ನೆಲ ಜಿಡ್ಡಾಗುತ್ತದೆ. ಜೇಕಬ್ಸನ್ ಕಂಡುಕೊಂಡ ಉಪಾಯವೂ ಅಡುಗೆಮನೆಯದೇ. ಮೊದಲು ಒಂದೇ ಕಟ್ಟು ಕಳಿಸುವುದು. ರಸೀದಿ ಬಂದರೆ ಎರಡು, ಆಮೇಲೆ ನಾಲ್ಕು, ಎಂಟು. ಎಲ್ಲಾದರೂ ಒಂದು ಬಿದ್ದುಹೋದರೆ ತಕ್ಷಣ ಕೈ ಬಿಗಿ ಹಿಡಿದು, ಮತ್ತೆ ಹುಷಾರಾಗಿ ಏರುವುದು. ರಸೀದಿಗೆ ಎಷ್ಟು ಹೊತ್ತು ಕಾಯಬೇಕೆಂಬ ಲೆಕ್ಕವನ್ನೂ ಅವರು ತಿದ್ದಿದರು. 1988ರಲ್ಲಿ ಇದು ಪ್ರಬಂಧವಾಗಿ ಪ್ರಕಟವಾಯಿತು. ಹೊಸ ತಂತಿ ಒಂದು ಗಜವನ್ನೂ ಎಳೆಯದೆ, ಕಳಿಸುವವರ ಅವಸರವನ್ನು ತಗ್ಗಿಸಿಯೇ ಜಾಲವನ್ನು ಉಳಿಸಿದ ಕೆಲಸ ಇದು.

ಇಂದು ಮನೆಯಲ್ಲಿ ಇಂಟರ್‌ನೆಟ್ ನಿಧಾನವಾದರೆ ಮೊದಲು ಹೊಳೆಯುವುದು ಹೆಚ್ಚು ದುಡ್ಡಿನ ಪ್ಲಾನ್. ಅದರಿಂದ ಪ್ರಯೋಜನ ಇಲ್ಲವೆಂದಲ್ಲ. ಆದರೆ ನೂರಕ್ಕೆ ಇನ್ನೂರು ಮೆಗಾಬಿಟ್ ಕೊಂಡರೆ ಕೊಳವೆ ಅಗಲವಾಗುತ್ತದೆಯೇ ಹೊರತು ದೂರ ಕಡಿಮೆಯಾಗುವುದಿಲ್ಲ. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಬೆಂಗಳೂರಿನಿಂದ ಕ್ಯಾಲಿಫೋರ್ನಿಯಾ ನೇರ ಅಳತೆಯಲ್ಲಿ ಸುಮಾರು 14 ಸಾವಿರ ಕಿಲೋಮೀಟರ್. ಹೋಗಿ ಬರಲು 0.14 ಸೆಕೆಂಡು ಬೇಕೇ ಬೇಕು. ಒಂದು ಕೆಲಸಕ್ಕೆ ಒಂದಾದ ಮೇಲೊಂದರಂತೆ ನೂರು ಸಲ ಪ್ರಶ್ನೆ-ಉತ್ತರ ನಡೆಯಬೇಕಾದರೆ 14 ಸೆಕೆಂಡು ಅಲ್ಲೇ ಮುಗಿಯಿತು. ಭೂಸ್ಥಿರ ಉಪಗ್ರಹದ ಮೂಲಕವಾದರೆ 36 ಸಾವಿರ ಕಿಲೋಮೀಟರನ್ನು ನಾಲ್ಕು ಸಲ ಕ್ರಮಿಸಬೇಕು. ಒಂದು ಮಾತಿಗೆ ಉತ್ತರ ಬರಲು ಹತ್ತಿರ ಹತ್ತಿರ ಅರ್ಧ ಸೆಕೆಂಡು!

ಆದ್ದರಿಂದ ಅಳೆದು ನೋಡದೆ ಹಣ ಕಟ್ಟಬಾರದು. ಅಳತೆಗೋಲು ಪ್ರತಿ ಕಂಪ್ಯೂಟರಿನಲ್ಲೂ ಪುಕ್ಕಟೆಯಾಗಿ ಇದೆ. ಅದರ ಹೆಸರು 'ಪಿಂಗ್'. 1983ರಲ್ಲಿ ಮೈಕ್ ಮೂಸ್ ಎಂಬವರು ಬರೆದ ಈ ಪುಟ್ಟ ಪ್ರೋಗ್ರಾಂಗೆ ಜಲಾಂತರ್ಗಾಮಿಗಳ ಸೋನಾರ್ ಸದ್ದೇ ಹೆಸರು. ಕೂಗಿದರೆ ಪ್ರತಿಧ್ವನಿ ಎಷ್ಟು ಹೊತ್ತಿಗೆ ಬರುತ್ತದೆಂದು ಇದು ಮಿಲಿಸೆಕೆಂಡುಗಳಲ್ಲಿ ಹೇಳುತ್ತದೆ. ದಾರಿಯ ಪ್ರತಿ ನಿಲ್ದಾಣಕ್ಕೂ ಎಷ್ಟು ಹೊತ್ತು ಹಿಡಿಯಿತೆಂದು ತೋರಿಸುವ 'ಟ್ರೇಸ್‌ರೂಟ್' ಬರೆದವರು ಇದೇ ಜೇಕಬ್ಸನ್.

ಮಕ್ಕಳು ಮನೆಯಲ್ಲೇ ಒಂದು ಪ್ರಯೋಗ ಮಾಡಬಹುದು. ಯಾರೂ ಜಾಲ ಬಳಸದಿರುವಾಗ ಮೊದಲು ಮನೆಯ ರೂಟರ್‌ಗೆ, ಬಳಿಕ ಹೊರಗಿನ ಒಂದು ತಾಣಕ್ಕೆ ಪಿಂಗ್ ಮಾಡಿ ಅಂಕಿಗಳನ್ನು ಬರೆದಿಡಬೇಕು. ರೂಟರ್ ಉತ್ತರಿಸಲೇ ತಡವಾದರೆ ವೈ-ಫೈ ಅನ್ನು ಸಂಶಯಿಸಬೇಕು, ಗೋಡೆಗಳು ಅಡ್ಡವಿರಬಹುದು. ಆಮೇಲೆ ಮೊಬೈಲಿನಿಂದ ದೊಡ್ಡ ವಿಡಿಯೊ ಒಂದನ್ನು ಕಳಿಸಲು ಹಚ್ಚಿ, ಅದೇ ಅಳತೆಯನ್ನು ಮತ್ತೆ ತೆಗೆದುಕೊಳ್ಳಬೇಕು. ಹೊರಗಿನ ತಾಣದ 20 ಮಿಲಿಸೆಕೆಂಡು ಹಲವು ನೂರಕ್ಕೆ ಜಿಗಿದರೆ, ಸರದಿ ಬೆಳೆಯುತ್ತಿರುವುದು ಹೆಚ್ಚಾಗಿ ಮನೆಯ ರೂಟರಿನಲ್ಲೇ. ಅಣ್ಣ ವಿಡಿಯೊ ಕಳಿಸುವಾಗ ತಂಗಿಯ ಆನ್‌ಲೈನ್ ಪಾಠ ತಡವರಿಸುವುದು ಇದರಿಂದಲೇ. ಈ ಕಾಯಿಲೆಗೆ 'ಬಫರ್‌ಬ್ಲೋಟ್' ಎಂಬ ಹೆಸರಿದೆ. ಕ್ಯಾಥ್ಲೀನ್ ನಿಕೋಲ್ಸ್ ಜೊತೆ ಸೇರಿ ಜೇಕಬ್ಸನ್ 2012ರಲ್ಲಿ ಇದಕ್ಕೂ ಮದ್ದು ಕೊಟ್ಟರು. ಕೆಲವು ರೂಟರ್‌ಗಳ ಸೆಟ್ಟಿಂಗ್‌ನಲ್ಲಿ ಅದು 'ಎಸ್‌ಕ್ಯೂಎಂ' ಎಂಬ ಹೆಸರಿನಡಿ ಸಿಗುತ್ತದೆ.