ಚಿತ್ರದಿಂದ ಕೋಷ್ಟಕಕ್ಕೆ

ಹಳೆಯ ಗ್ರಂಥಗಳನ್ನು ಗಣಕಯಂತ್ರಕ್ಕೆ ಏರಿಸಿ ಆಯಿತು, ಇನ್ನು ಅವಕ್ಕೆ ಅಳಿವಿಲ್ಲ ಎಂಬ ಮಾತನ್ನು ಈಚೆಗೆ ಪದೇ ಪದೇ ಕೇಳುತ್ತಿದ್ದೇವೆ. ಸಂತೋಷದ ಮಾತೇ, ಆದರೆ ಅರ್ಧ ಸತ್ಯ. ಎಷ್ಟೋ ವೇಳೆ ಏರಿಸಿರುವುದು ಪುಟದ ಚಿತ್ರವನ್ನು, ಪುಟದಲ್ಲಿರುವ ಮಾತನ್ನಲ್ಲ. ಚಿತ್ರವನ್ನು ಮಾತಾಗಿಸುವುದು ಒಂದು ಕೆಲಸ. ಆ ಮಾತನ್ನು ಹುಡುಕಲು, ಹೋಲಿಸಲು, ಎಣಿಸಲು ಬರುವಂತೆ ವಿಂಗಡಿಸಿಡುವುದು ಇನ್ನೊಂದು ಕೆಲಸ. ನಮ್ಮ ಶಾಸನ ಸಂಪುಟಗಳನ್ನು ನಿದರ್ಶನವಾಗಿಟ್ಟುಕೊಂಡು ಇವೆರಡನ್ನು ಕುರಿತು ನಾಲ್ಕು ಮಾತು ಹೇಳಬಯಸುತ್ತೇನೆ.

ಆರು ಅಂಗುಲ ಅಗಲ, ಒಂಬತ್ತು ಅಂಗುಲ ಉದ್ದದ ಪುಟವೊಂದನ್ನು ಅಂಗುಲಕ್ಕೆ ೩೦೦ ಚುಕ್ಕೆಗಳಂತೆ ಸ್ಕ್ಯಾನ್ ಮಾಡಿದರೆ ಸುಮಾರು ೪೮ ಲಕ್ಷ ಚುಕ್ಕೆಗಳಾಗುತ್ತವೆ. ಯಂತ್ರಕ್ಕೆ ಗೊತ್ತಿರುವುದು ಯಾವ ಚುಕ್ಕೆ ಎಷ್ಟು ಕಪ್ಪು ಎಂಬುದಷ್ಟೆ. ಇದು ‘ಕ’, ಇದು ಮಸಿಯ ಕಲೆ ಎಂಬ ವಿವೇಕ ಆ ಚಿತ್ರದಲ್ಲಿಲ್ಲ. ಅಕ್ಷರ ಗುರುತಿಸುವ ತಂತ್ರಾಂಶವು ಪುಟವನ್ನು ನೆಟ್ಟಗೆ ಮಾಡಿ, ಸಾಲುಗಳನ್ನು ಬಿಡಿಸಿ, ತಾನು ಮೊದಲು ಕಂಡ ಅಸಂಖ್ಯ ಮಾದರಿಗಳೊಡನೆ ಹೋಲಿಕೆ ನೋಡಿ, ಪ್ರತಿ ಅಕ್ಷರಕ್ಕೂ ಯೂನಿಕೋಡಿನ ಸಂಖ್ಯೆ ಕೊಡುತ್ತದೆ. ‘ಕ’ಕ್ಕೆ ಅಲ್ಲಿ ೩೨೨೧. ಕಣ್ಣಿಗೆ ಒಂದೇ ಅಕ್ಷರವಾಗಿ ಕಾಣುವ ‘ಸ್ತ್ರೀ’ ಎಂಬುದು ಅಲ್ಲಿ ಆರು ಸಂಖ್ಯೆಗಳ ಮಾಲೆ. ನಮ್ಮ ಒತ್ತಕ್ಷರಗಳು ಸಾಲಿನ ಕೆಳಗೆ ಜೋತುಬೀಳುವುದರಿಂದ ಸಾಲು ಬಿಡಿಸುವುದೇ ಕಷ್ಟ. ಸೊನ್ನೆಗೂ ಅನುಸ್ವಾರಕ್ಕೂ, ೧ ಎಂಬ ಅಂಕಿಗೂ ‘ಗ’ಕಾರಕ್ಕೂ ರೂಪಸಾಮ್ಯ ಬೇರೆ ಇದೆ.

ಓದಾಯಿತು ಎನ್ನಿ. ಈಗ ದೊರೆತಿರುವುದು ಅಕ್ಷರಗಳ ಒಂದು ಉದ್ದನೆಯ ಪ್ರವಾಹ. ಅದರಲ್ಲಿ ಊರಾವುದು, ಅರಸನಾರು, ತೇದಿ ಯಾವುದು, ದಾನವೇನು ಎಂದು ಬಿಡಿಸಿ, ಒಂದೊಂದನ್ನೂ ಅದರದರ ಅಂಕಣದಲ್ಲಿ ಕೂರಿಸಬೇಕು. ಈ ಆಲೋಚನೆ ಹೊಸದೇನಲ್ಲ. ಬಿ. ಎಲ್. ರೈಸ್ ಅವರು ೧೮೮೬ರಿಂದ ೧೯೦೫ರವರೆಗೆ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕ’ದ ಹನ್ನೆರಡು ಸಂಪುಟಗಳನ್ನು ತೆರೆದವರು ಅಲ್ಲಿ ಶಾಸನಗಳ ಕಾಲಾನುಕ್ರಮ ಪಟ್ಟಿಯನ್ನು ಕಂಡಿರುತ್ತಾರೆ. ಯಂತ್ರ ಹುಟ್ಟುವ ಮೊದಲೇ ವಿದ್ವಾಂಸರು ಕೈಯಿಂದ ಮಾಡಿದ ಕೋಷ್ಟಕವದು.

ಅಪಾಯವಿರುವುದು ಈ ಎರಡನೆಯ ಹೆಜ್ಜೆಯಲ್ಲಿ. ಶ್ರವಣಬೆಳಗೊಳದಲ್ಲಿ ಬುಕ್ಕರಾಯನ ಪ್ರಸಿದ್ಧ ಶಾಸನವೊಂದಿದೆ. ಜೈನರಿಗೂ ಶ್ರೀವೈಷ್ಣವರಿಗೂ ವ್ಯಾಜ್ಯ ಹುಟ್ಟಿದಾಗ, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಅರಸನು ತೀರ್ಮಾನವಿತ್ತ ಸಂಗತಿ ಅದರಲ್ಲಿದೆ. ಅದರ ತೇದಿ ಶಕವರ್ಷ ೧೨೯೦, ಕೀಲಕ ಸಂವತ್ಸರ, ಅಂದರೆ ಕ್ರಿ. ಶ. ೧೩೬೮. ಮಸುಕಾದ ಅಚ್ಚಿನಲ್ಲಿ ೯ ಮತ್ತು ೬ ಬೇರೆಯಾಗುವುದು ಬಾಲದ ತಿರುವಿನಿಂದ ಮಾತ್ರ. ಯಂತ್ರವು ೧೨೯೦ನ್ನು ೧೨೬೦ ಎಂದು ಓದಿತೆನ್ನಿ. ತೀರ್ಮಾನವು ೧೩೩೮ಕ್ಕೆ ಸರಿಯುತ್ತದೆ. ಆಗ ಬುಕ್ಕನಿನ್ನೂ ಪಟ್ಟಕ್ಕೆ ಬಂದಿರಲಿಲ್ಲ. ಆಳುತ್ತಿದ್ದವನು ಅವನ ಅಣ್ಣ ಹರಿಹರ. ಹೊಯ್ಸಳ ಮೂರನೆಯ ಬಲ್ಲಾಳನೂ ಬದುಕಿದ್ದ. ಕಾಗುಣಿತ ತಪ್ಪಿದ ಪದ ಓದುವವನ ಕಣ್ಣಿಗೆ ಚುಚ್ಚುತ್ತದೆ. ತಪ್ಪಾದ ಅಂಕಿ ಚುಚ್ಚುವುದಿಲ್ಲ. ಕೋಷ್ಟಕದೊಳಗೆ ೧೨೬೦ ಕೂಡ ೧೨೯೦ರಷ್ಟೇ ಸಭ್ಯವಾಗಿ ಕುಳಿತಿರುತ್ತದೆ.

ಆದರೆ ವಿಂಗಡಣೆಯೇ ಇದಕ್ಕೆ ಮದ್ದನ್ನೂ ಒದಗಿಸುತ್ತದೆ. ಶಕವರ್ಷಕ್ಕೆ ಒಂದು ಅಂಕಣ, ಸಂವತ್ಸರಕ್ಕೆ ಬೇರೆ ಅಂಕಣ ಇಟ್ಟರೆ ಒಂದು ಮತ್ತೊಂದಕ್ಕೆ ಸಾಕ್ಷಿಯಾಗುತ್ತದೆ. ಶಕ ೧೨೬೦ ಬಹುಧಾನ್ಯ. ಶಾಸನ ಹೇಳುವುದು ಕೀಲಕ. ಎರಡೂ ಕೂಡಲಿಲ್ಲ, ಇಲ್ಲೊಮ್ಮೆ ನೋಡಿ ಎಂದು ಯಂತ್ರವೇ ನಮ್ಮನ್ನು ಕರೆಯಬಲ್ಲದು. ಸರಿಯಾಗಿ ಅರುವತ್ತು ವರ್ಷಗಳ ತಪ್ಪಾದರೆ ಸಂವತ್ಸರವೂ ಅದನ್ನು ಹಿಡಿಯಲಾರದು. ಆಗ ಅರಸನ ಹೆಸರನ್ನು ಕೇಳಬೇಕು. ಇನ್ನು ಗತವರ್ಷ, ವರ್ತಮಾನವರ್ಷಗಳ ಲೆಕ್ಕದಿಂದ ಒಂದು ವರ್ಷದ ಹೆಚ್ಚುಕಡಮೆ ಶಾಸನಗಳಲ್ಲಿಯೇ ಉಂಟು. ಅದನ್ನು ತಪ್ಪೆಂದು ಬಗೆದು ಯಂತ್ರ ತಾನಾಗಿ ತಿದ್ದಿಬಿಡಬಾರದು. ಕರೆಯುವುದು ಯಂತ್ರದ ಕೆಲಸ. ತೀರ್ಪು ಕೊಡುವುದು ಓದುಗನ ಕೆಲಸ.

ಶಾಸನತಜ್ಞರದು ಮೊದಲಿನಿಂದಲೂ ಒಂದು ಸತ್ಸಂಪ್ರದಾಯ. ಅಳಿಸಿಹೋದ ಕಡೆ ಚುಕ್ಕೆ ಇಡುತ್ತಾರೆ. ಊಹಿಸಿ ತುಂಬಿದ ಅಕ್ಷರವನ್ನು ಕಂಸದಲ್ಲಿಡುತ್ತಾರೆ. ತಾವು ಕಂಡದ್ದೆಷ್ಟು, ಊಹಿಸಿದ್ದೆಷ್ಟು ಎಂಬುದನ್ನು ಅವರು ಮುಚ್ಚಿಡಲಿಲ್ಲ. ಇಂದು ಶಾಸನಪಾಠಗಳಿಗೆಂದು ರೂಪುಗೊಂಡಿರುವ ‘ಎಪಿಡಾಕ್’ ಎಂಬ ಪದ್ಧತಿಯಲ್ಲಿ ಅಸ್ಪಷ್ಟ ಅಕ್ಷರಕ್ಕೆ ಒಂದು ಗುರುತು, ಸಂಪಾದಕನು ತುಂಬಿದ ಅಕ್ಷರಕ್ಕೆ ಇನ್ನೊಂದು ಗುರುತು ಇದೆ. ನಾವು ಮಾಡುವ ಸರಳ ಕೋಷ್ಟಕಗಳಲ್ಲಿಯೂ ಈ ಶೀಲ ಉಳಿಯಬೇಕು. ಅದಕ್ಕೆ ಎರಡು ಅಂಕಣಗಳು ಹೆಚ್ಚಿಗೆ ಸಾಕು: ಒಂದರಲ್ಲಿ ಸಂದೇಹ, ಇನ್ನೊಂದರಲ್ಲಿ ಮೂಲಚಿತ್ರದ ಪುಟಸಂಖ್ಯೆ.

ಈ ಕಾರ್ಯಕ್ಕೆ ಕೈಹಾಕಿರುವ ತರುಣರಲ್ಲಿ ನನ್ನ ಬಿನ್ನಹ ಇಷ್ಟೆ. ಕೋಷ್ಟಕ ಸಿದ್ಧವಾಯಿತೆಂದು ಚಿತ್ರವನ್ನು ಎಸೆಯಬೇಡಿ. ಕಲ್ಲು ಸವೆದಾಗ ಅಚ್ಚಿನ ಪುಟ ನಮಗೆ ಆಸರೆಯಾಯಿತು. ನಾಳೆ ಅಂಕಣದ ಅಂಕಿಯನ್ನು ಯಾರಾದರೂ ಶಂಕಿಸಿದಾಗ, ಹಿಂದಿರುಗಿ ನೋಡಲು ಆ ಪುಟದ ಚಿತ್ರವಾದರೂ ಇರಬೇಕು.