ರೈಲಿನ ಬಾಲಕ್ಕೆ ಗಾಳಿಯ ವಿದ್ಯುತ್

ಗೂಡ್ಸ್ ರೈಲು ನಿಲ್ಲದೆ ಹಾದುಹೋಗುವಾಗ ಸ್ಟೇಷನ್ ಮಾಸ್ಟರ್ ಹಸಿರು ಬಾವುಟ ಹಿಡಿದು ನಿಂತಿರುವುದನ್ನು ನೀವು ನೋಡಿರಬಹುದು. ಎಂಜಿನ್ ದಾಟಿದ ಮೇಲೂ ಅವರು ಕದಲುವುದಿಲ್ಲ. ಅವರಿಗೆ ಬೇಕಾದದ್ದು ರೈಲಿನ ಬಾಲ. ಕೊನೆಯ ಡಬ್ಬಿಯ ಗುರುತೋ ಕೆಂಪು ದೀಪವೋ ಕಂಡರೆ ರೈಲು ಪೂರ್ತಿ ಬಂದಿದೆ ಎಂದರ್ಥ. ಕಾಣದಿದ್ದರೆ ಎಲ್ಲೋ ಕೊಂಡಿ ಕಳಚಿ ಅರ್ಧ ರೈಲು ಹಿಂದೆಯೇ ಉಳಿದಿರಬಹುದು! ನಮ್ಮಲ್ಲಿ ಆ ಬಾಲದ ಕಾವಲಿಗೆ ಗಾರ್ಡ್ ಇರುತ್ತಾರೆ. 2022ರಲ್ಲಿ ಅವರ ಹುದ್ದೆಗೆ 'ಟ್ರೈನ್ ಮ್ಯಾನೇಜರ್' ಎಂದು ಹೊಸ ಹೆಸರು ಬಂತು. ಜನರ ಬಾಯಲ್ಲಿ ಅವರು ಇನ್ನೂ ಗಾರ್ಡೇ.

ಅಮೆರಿಕದಲ್ಲಿ ಈ ಕೆಲಸಕ್ಕೆ 'ಕಬೂಸ್' ಎಂಬ ಡಬ್ಬಿಯಿತ್ತು. ಒಲೆ, ಹಾಸಿಗೆ, ರೈಲನ್ನು ನೋಡಲು ಎತ್ತರದ ಕಿಟಕಿ, ಎಲ್ಲವೂ ಇದ್ದ ಪುಟ್ಟ ಮನೆ ಅದು. 1980ರ ದಶಕದಲ್ಲಿ ರೈಲ್ವೆ ಕಂಪನಿಗಳೂ ಕಾರ್ಮಿಕ ಸಂಘವೂ ಒಪ್ಪಂದಕ್ಕೆ ಬಂದ ಮೇಲೆ ಅದು ಬಹುಮಟ್ಟಿಗೆ ಮರೆಯಾಯಿತು. ಅದರ ಬದಲು ಕೊನೆಯ ಡಬ್ಬಿಯ ಕೊಂಡಿಗೆ ಒಂದು ಪೆಟ್ಟಿಗೆ ನೇತುಬಿತ್ತು. ಮಿನುಗುವ ಕೆಂಪು ದೀಪದ ಈ ಪೆಟ್ಟಿಗೆಯನ್ನು ಅಲ್ಲಿನ ರೈಲ್ವೆಯವರು 'ಫ್ರೆಡ್' ಎಂದು ಕರೆದರು. ಅದರ ಮೊದಲ ಅಕ್ಷರಕ್ಕೆ ಇನ್ನೊಂದು ವಿಸ್ತರಣೆಯೂ ಇತ್ತಂತೆ. ಕೆಲಸ ಕಳೆದುಕೊಂಡವರ ಸಿಟ್ಟಿನ ಮಾತು ಅದು, ಅಚ್ಚಿಗೆ ಯೋಗ್ಯವಲ್ಲ.

ಎಂಜಿನ್‌ನಿಂದ ಕೊನೆಯ ಡಬ್ಬಿಯವರೆಗೆ ಒಂದು ಬ್ರೇಕ್ ಕೊಳವೆ ಇರುತ್ತದೆ. ಅಮೆರಿಕದ ಗೂಡ್ಸ್ ರೈಲುಗಳಲ್ಲಿ ಅದರೊಳಗಿನ ಗಾಳಿಯ ಒತ್ತಡ ಸಾಮಾನ್ಯವಾಗಿ ಚದರ ಅಂಗುಲಕ್ಕೆ 90 ಪೌಂಡ್. ಜಾರ್ಜ್ ವೆಸ್ಟಿಂಗ್‌ಹೌಸ್ 1872ರಲ್ಲಿ ರೂಪಿಸಿದ ಉಪಾಯದಂತೆ, ಒತ್ತಡ ಇಳಿದರೆ ಬ್ರೇಕ್ ಬೀಳುತ್ತದೆ, ಏರಿದರೆ ಬಿಡುತ್ತದೆ. ಬಾಲದಲ್ಲಿ ಒತ್ತಡ ಎಷ್ಟಿದೆ, ಕೊನೆಯ ಡಬ್ಬಿ ಚಲಿಸುತ್ತಿದೆಯೇ ಎಂಬುದನ್ನು ಪೆಟ್ಟಿಗೆ ರೇಡಿಯೊ ಮೂಲಕ ಚಾಲಕನಿಗೆ ತಿಳಿಸುತ್ತಿರುತ್ತದೆ.

ಮೊದಮೊದಲು ಪೆಟ್ಟಿಗೆ ಹೇಳುತ್ತಿತ್ತು, ಕೇಳುತ್ತಿರಲಿಲ್ಲ. ಅದರ ಕೊರತೆ 1996ರ ಫೆಬ್ರವರಿ 1ರಂದು ಕ್ಯಾಲಿಫೋರ್ನಿಯದ ಕಹೋನ್ ಘಾಟಿಯಲ್ಲಿ ತಿಳಿಯಿತು. ಕಡಿದಾದ ಇಳಿಜಾರಿನಲ್ಲಿ ಚಾಲಕ ಬ್ರೇಕ್ ಹಾಕಿದ. ಕೊಳವೆ ನಡುವೆ ಎಲ್ಲೋ ಕಟ್ಟಿಕೊಂಡಿತ್ತು. ಹಿಂದಿನ ಡಬ್ಬಿಗಳಿಗೆ ಆ ಸುದ್ದಿಯೇ ತಲುಪಲಿಲ್ಲ. ರೈಲು ಹಿಡಿತ ತಪ್ಪಿ ಉರುಳಿತು. ಸಿಬ್ಬಂದಿಯಲ್ಲಿ ಇಬ್ಬರು ಸತ್ತರು. ಚಾಲಕನ ಆಜ್ಞೆ ಕೇಳಿ ಬಾಲದ ಕಡೆಯಿಂದಲೂ ಗಾಳಿ ಬಿಡಬಲ್ಲ ಪೆಟ್ಟಿಗೆ ಅಂದು ಕೆಲಸ ಮಾಡಿದ್ದರೆ ರೈಲನ್ನು ನಿಲ್ಲಿಸಬಹುದಿತ್ತು. 1997ರಲ್ಲಿ ಅಂಥ ಎರಡು ದಾರಿಯ ಪೆಟ್ಟಿಗೆಯನ್ನು ಹೆಚ್ಚಿನ ಗೂಡ್ಸ್ ರೈಲುಗಳಿಗೆ ಕಡ್ಡಾಯ ಮಾಡುವ ನಿಯಮ ಬಂತು.

ಅಲ್ಲಿಗೆ ಪೆಟ್ಟಿಗೆಯ ಬ್ಯಾಟರಿ ಜೀವದ ಪ್ರಶ್ನೆಯಾಯಿತು. ಗೂಡ್ಸ್ ಡಬ್ಬಿಗಳಲ್ಲಿ ವಿದ್ಯುತ್ ತಂತಿ ಇರುವುದಿಲ್ಲ. ಇಂದು ಈ ಡಬ್ಬಿ ಕೊನೆಯದು, ನಾಳೆ ಇನ್ನೊಂದು. ಆದ್ದರಿಂದ ಚಕ್ರದ ಅಚ್ಚಿಗೆ ಡೈನಮೊ ಕಟ್ಟುವುದೂ ಆಗದ ಮಾತು. ಯಾರ್ಡಿನಲ್ಲಿ ಬಿಚ್ಚಿ, ಚಾರ್ಜ್ ಮಾಡಿ, ಮತ್ತೆ ಹೊತ್ತು ತಂದು ಸಿಕ್ಕಿಸಬೇಕು. ಕೆನಡಾದಂಥ ಕಡೆ ಚಳಿ ಬ್ಯಾಟರಿಯ ಶಕ್ತಿಯನ್ನು ಇನ್ನಷ್ಟು ಕುಗ್ಗಿಸುತ್ತದೆ. ದಾರಿಯ ನಡುವೆ ಚಾರ್ಜ್ ಮುಗಿದರೆ?

ಉತ್ತರ ಆ ಕೊಳವೆಯಲ್ಲೇ ಇತ್ತು. ಒತ್ತಡ ಅಳೆಯಲು ಪೆಟ್ಟಿಗೆಗೆ ಹೇಗೂ ಕೊಳವೆಯ ಮೂತಿ ಜೋಡಿಸಿರುತ್ತಾರಲ್ಲ? ಅದೇ ಗಾಳಿಯಲ್ಲಿ ಸ್ವಲ್ಪವನ್ನು ಸಣ್ಣ ರಂಧ್ರದ ಮೂಲಕ ಒಂದು ಪುಟ್ಟ ಟರ್ಬೈನ್ ಮೇಲೆ ಹಾಯಿಸಿದರು. ಚಕ್ರ ತಿರುಗಿದರೆ ಜನರೇಟರ್ ತಿರುಗುತ್ತದೆ, ಬ್ಯಾಟರಿ ತುಂಬುತ್ತದೆ. ಯೋಚಿಸಿ ನೋಡಿದರೆ, ಎಂಜಿನ್ನಿನ ಡೀಸೆಲ್ಲೇ ಕಂಪ್ರೆಸರ್ ಮೂಲಕ ಗಾಳಿಯಾಗಿ ಒಂದೆರಡು ಕಿಲೋಮೀಟರ್ ಸಾಗಿ ಬಾಲದಲ್ಲಿ ವಿದ್ಯುತ್ತಾಗುತ್ತದೆ. ದಾರಿಯಲ್ಲಿ ಬಹುಪಾಲು ಪೋಲಾಗುತ್ತದೆ, ನಿಜ. ದೀಪಕ್ಕೂ ರೇಡಿಯೊಗೂ ಬೇಕಾದದ್ದು ಅತ್ಯಲ್ಪವಾದ್ದರಿಂದ ಯಾರೂ ಚಿಂತಿಸುವುದಿಲ್ಲ.

ಚಿಂತೆ ಬೇರೆಯದು. ಕೊಳವೆಯಿಂದ ಗಾಳಿ ತೆಗೆಯುವುದೆಂದರೆ ಬ್ರೇಕಿನ ಗಾಳಿಗೇ ಕೈ ಹಾಕಿದಂತೆ. ಅಮೆರಿಕದ ನಿಯಮದಲ್ಲಿ ಕೊಳವೆಯ ಸೋರಿಕೆ ಪರೀಕ್ಷಿಸುವಾಗ ಒತ್ತಡ ನಿಮಿಷಕ್ಕೆ 5 ಪೌಂಡಿಗಿಂತ ಹೆಚ್ಚು ಇಳಿಯಬಾರದು. ಆದ್ದರಿಂದ ಟರ್ಬೈನ್ ಗುಟುಕು ಗುಟುಕಾಗಿಯೇ ಗಾಳಿ ಕುಡಿಯಬೇಕು.

ಹಾಗಾದರೆ ಬ್ಯಾಟರಿಯನ್ನೇ ಬಿಟ್ಟುಬಿಡಬಹುದಲ್ಲವೇ? ಸಾಧ್ಯವಿಲ್ಲ. ಎಂಜಿನ್ ಬಿಚ್ಚಿ ನಿಂತ ರೈಲಿಗೆ ಗಾಳಿಯಿಲ್ಲ. ಅದಕ್ಕಿಂತ ಮುಖ್ಯವಾದದ್ದು, ತುರ್ತು ಬ್ರೇಕ್ ಬಿದ್ದಾಗ ಕೊಳವೆ ಬರಿದಾಗುತ್ತದೆ, ಟರ್ಬೈನ್ ನಿಲ್ಲುತ್ತದೆ. ಬಾಲದಿಂದ ಸುದ್ದಿ ಅತ್ಯಗತ್ಯವಾದ ಆ ಗಳಿಗೆಯಲ್ಲೇ ಗಾಳಿ ಕೈಕೊಡುತ್ತದೆ. ಆಗ ದೀಪ ಮಿನುಗಿಸಿ ಮಾತಾಡುವುದು ಬ್ಯಾಟರಿ.

ಭಾರತೀಯ ರೈಲ್ವೆಯೂ ಗೂಡ್ಸ್ ರೈಲುಗಳಲ್ಲಿ ಬಾಲದ ಪೆಟ್ಟಿಗೆಗಳನ್ನು ಪರೀಕ್ಷಿಸಿದೆ. ಗಾರ್ಡ್ ಜಾಗಕ್ಕೆ ಅದನ್ನು ತರುವುದಾದರೆ, ಅದು ಮೂಕವಾದಾಗ ಏನು ಮಾಡಬೇಕೆಂಬುದನ್ನೂ ಜೊತೆಗೇ ತರಬೇಕಾಗುತ್ತದೆ. ಅಮೆರಿಕದಲ್ಲಿ ದಾರಿಯ ನಡುವೆ ಪೆಟ್ಟಿಗೆಯ ಸಂಪರ್ಕ ಹದಿನಾರೂವರೆ ನಿಮಿಷಕ್ಕಿಂತ ಹೆಚ್ಚು ಕಡಿದರೆ, ಅದು ಮರಳುವವರೆಗೆ ರೈಲಿನ ವೇಗ ಗಂಟೆಗೆ 48 ಕಿಲೋಮೀಟರ್ ಮೀರುವಂತಿಲ್ಲ. ಕಹೋನ್‌ನಂಥ ಘಾಟಿಯಾದರೆ, ಬೇರೆ ರಕ್ಷಣೆಯ ಏರ್ಪಾಡಾಗುವ ತನಕ ಇಳಿಯುವಂತೆಯೇ ಇಲ್ಲ.