ಗೀಳು ಮನೋರೋಗದ ಜೈವಿಕ ಚಿಕಿತ್ಸೆಗಳು

ಗೀಳು ಮನೋರೋಗದ ಜೈವಿಕ ಚಿಕಿತ್ಸೆಗಳು ಎಂದರೆ ಔಷಧಿ, ಕಾಂತೀಯ ಪ್ರಚೋದನೆ, ವಿದ್ಯುತ್ ಪ್ರಚೋದನೆ ಅಥವಾ ಶಸ್ತ್ರಕ್ರಿಯೆಯಿಂದ ಮೆದುಳಿನ ಕಾರ್ಯವನ್ನು ಮಾರ್ಪಡಿಸಿ ಈ ರೋಗದ ಲಕ್ಷಣಗಳನ್ನು ತಗ್ಗಿಸುವ ವಿಧಾನಗಳು. ಒಸಿಡಿ ಎಂಬ ಹೆಸರಿನಿಂದಲೂ ಪರಿಚಿತವಾದ ಈ ರೋಗದಲ್ಲಿ ಬೇಡವಾದ ಆಲೋಚನೆಗಳು ಮತ್ತೆ ಮತ್ತೆ ಮನಸ್ಸಿಗೆ ನುಗ್ಗುತ್ತವೆ. ಅವು ಹುಟ್ಟಿಸುವ ಆತಂಕವನ್ನು ಶಮನಗೊಳಿಸಲು ರೋಗಿಯು ಕೈ ತೊಳೆಯುವುದು, ಬಾಗಿಲ ಚಿಲಕ ಪರೀಕ್ಷಿಸುವುದು, ಎಣಿಸುವುದು ಮೊದಲಾದ ಕ್ರಿಯೆಗಳನ್ನು ಪುನರಾವರ್ತಿಸುತ್ತಾನೆ. ಜೀವಿತಾವಧಿಯಲ್ಲಿ ಈ ರೋಗಕ್ಕೆ ತುತ್ತಾಗುವವರ ಪ್ರಮಾಣವನ್ನು ಸಾಮಾನ್ಯವಾಗಿ ಶೇ. 1ರಿಂದ 3 ಎಂದು ಅಂದಾಜಿಸಲಾಗಿದೆ. ಬಹುಪಾಲು ಜನರಲ್ಲಿ ಇದು ಹದಿಹರೆಯದಲ್ಲಿ ಅಥವಾ ಯೌವನದ ಆರಂಭದಲ್ಲಿ ತಲೆದೋರುತ್ತದೆ.

ಮೆದುಳಿನ ಪಾತ್ರ

ಕಣ್ಣುಗುಳಿಗಳ ಮೇಲ್ಭಾಗದಲ್ಲಿರುವ ಮೆದುಳಿನ ತೊಗಟೆ, ಒಳಭಾಗದ ಸ್ಟ್ರೈಯೇಟಮ್ ಮತ್ತು ಥಲಾಮಸ್‌ಗಳು ನರಪಥಗಳ ಮೂಲಕ ಒಂದು ವರ್ತುಲವಾಗಿ ಕೂಡಿಕೊಂಡಿವೆ. ಗೀಳು ಮನೋರೋಗಿಗಳಲ್ಲಿ ಈ ವರ್ತುಲದ ಚಟುವಟಿಕೆ ಮಿತಿಮೀರಿರುವುದು ಮೆದುಳಿನ ಚಿತ್ರಣಗಳಲ್ಲಿ ಕಂಡುಬಂದಿದೆ. ಸಿರೊಟೋನಿನ್ ಎಂಬ ನರವಾಹಕದ ಮೇಲೆ ವರ್ತಿಸುವ ಔಷಧಿಗಳು ಫಲ ನೀಡುತ್ತವೆಯಾದರೂ, ಸಿರೊಟೋನಿನ್ ಕೊರತೆಯೇ ರೋಗದ ಕಾರಣವೆಂದು ಇದರಿಂದ ಸಿದ್ಧವಾಗುವುದಿಲ್ಲ. ಪ್ಯಾರಾಸಿಟಮಾಲ್‌ನಿಂದ ಜ್ವರ ಇಳಿಯಿತೆಂದ ಮಾತ್ರಕ್ಕೆ ಆ ಮಾತ್ರೆಯ ಕೊರತೆಯಿಂದ ಜ್ವರ ಬಂದಿತ್ತೆಂದು ಹೇಳಲಾಗದಷ್ಟೆ.

ಔಷಧಿ ಚಿಕಿತ್ಸೆ

ಈ ರೋಗಕ್ಕೆ ಮೊದಲು ಫಲಕಾರಿಯೆನಿಸಿದ ಔಷಧಿ ಕ್ಲೋಮಿಪ್ರಮೀನ್. ಖಿನ್ನತೆಗೆಂದು ರೂಪಿಸಿದ್ದ ಇದು ಗೀಳನ್ನೂ ತಗ್ಗಿಸುತ್ತದೆಂದು 1967ರಲ್ಲಿ ಸ್ಪೇನಿನ ವೈದ್ಯರು ವರದಿ ಮಾಡಿದರು. ಅಮೆರಿಕದಲ್ಲಿ ಈ ರೋಗಕ್ಕಾಗಿ ಇದಕ್ಕೆ ಮಾನ್ಯತೆ ದೊರೆತದ್ದು 1989ರಲ್ಲಿ. ಅನಂತರ ಬಂದ ಫ್ಲೂಆಕ್ಸೆಟೀನ್, ಫ್ಲೂವಾಕ್ಸಮೀನ್, ಸರ್ಟ್ರಲೀನ್, ಪ್ಯಾರಾಕ್ಸೆಟೀನ್ ಮೊದಲಾದವು ಎಸ್‌ಎಸ್‌ಆರ್‌ಐ ಎಂಬ ಗುಂಪಿಗೆ ಸೇರಿವೆ. ನರಕೋಶಗಳು ಹೊರಸೂಸಿದ ಸಿರೊಟೋನಿನ್ ಮರಳಿ ಹೀರಲ್ಪಡುವುದನ್ನು ಇವು ತಡೆಯುತ್ತವೆ. ಅಡ್ಡಪರಿಣಾಮಗಳು ಕಡಿಮೆಯಿರುವುದರಿಂದ ಇಂದು ಇವುಗಳನ್ನೇ ಮೊದಲು ನೀಡಲಾಗುತ್ತದೆ.

ಗೀಳು ಮನೋರೋಗದಲ್ಲಿ ಈ ಔಷಧಿಗಳ ಬಳಕೆಯು ಖಿನ್ನತೆಯಲ್ಲಿನ ಬಳಕೆಗಿಂತ ಎರಡು ರೀತಿಗಳಲ್ಲಿ ಭಿನ್ನವಾಗಿದೆ. ಮೊದಲನೆಯದು ಪ್ರಮಾಣ: ಖಿನ್ನತೆಗೆ ದಿನಕ್ಕೆ 20 ಮಿಲಿಗ್ರಾಂ ಫ್ಲೂಆಕ್ಸೆಟೀನ್ ಸಾಕಾಗಬಹುದಾದರೆ, ಗೀಳಿಗೆ 40ರಿಂದ 80 ಮಿಲಿಗ್ರಾಂ ಬೇಕಾಗಬಹುದು. ಎರಡನೆಯದು ಕಾಲ: ಪೂರ್ಣ ಪರಿಣಾಮವನ್ನು ಅಳೆಯಲು 8ರಿಂದ 12 ವಾರಗಳು ಬೇಕು. ಮೂರು-ನಾಲ್ಕು ವಾರಗಳಲ್ಲಿ ಗುಣ ಕಾಣಲಿಲ್ಲವೆಂದು ಮಾತ್ರೆಯನ್ನು ನಿಲ್ಲಿಸಿದರೆ, ಫಲ ನೀಡಬಹುದಾಗಿದ್ದ ಚಿಕಿತ್ಸೆಯೇ ವಿಫಲವೆಂಬ ತಪ್ಪು ತೀರ್ಮಾನಕ್ಕೆ ಬಂದಂತಾಗುತ್ತದೆ.

ಸುಮಾರು ಶೇ. 40ರಿಂದ 60ರಷ್ಟು ರೋಗಿಗಳಲ್ಲಿ ಮೊದಲ ಔಷಧಿಯಿಂದ ಗಣನೀಯ ಸುಧಾರಣೆ ಕಾಣುತ್ತದೆ. ಸುಧಾರಣೆಯೆಂದರೆ ಸಂಪೂರ್ಣ ಗುಣವೆಂದಲ್ಲ. ರೋಗದ ತೀವ್ರತೆಯನ್ನು 0ಯಿಂದ 40ರವರೆಗೆ ಅಳೆಯುವ ಯೇಲ್-ಬ್ರೌನ್ ಮಾಪಕದಲ್ಲಿ ಅಂಕವು ಶೇ. 35ರಷ್ಟು ಇಳಿದರೆ ಅದನ್ನು ಸಾಮಾನ್ಯವಾಗಿ ಉತ್ತಮ ಸ್ಪಂದನವೆಂದು ಪರಿಗಣಿಸುತ್ತಾರೆ. ಗುಣ ಕಂಡ ಬಳಿಕವೂ ಕನಿಷ್ಠ ಒಂದೆರಡು ವರ್ಷ ಔಷಧಿಯನ್ನು ಮುಂದುವರಿಸಬೇಕಾಗುತ್ತದೆ; ನಿಲ್ಲಿಸಿದಾಗ ರೋಗ ಮರುಕಳಿಸುವುದು ಸಾಮಾನ್ಯ.

ಅಡ್ಡಪರಿಣಾಮಗಳು

ಎಸ್‌ಎಸ್‌ಆರ್‌ಐ ಔಷಧಿಗಳಿಂದ ವಾಕರಿಕೆ, ನಿದ್ರೆಯಲ್ಲಿ ಏರುಪೇರು, ಲೈಂಗಿಕ ಆಸಕ್ತಿಯ ಕುಂದುವಿಕೆ ಉಂಟಾಗಬಹುದು. ಮಕ್ಕಳಲ್ಲಿಯೂ 25 ವರ್ಷದೊಳಗಿನವರಲ್ಲಿಯೂ ಚಿಕಿತ್ಸೆಯ ಆರಂಭದಲ್ಲಿ ಆತ್ಮಹತ್ಯೆಯ ಆಲೋಚನೆಗಳು ಮೂಡುತ್ತಿವೆಯೇ ಎಂದು ಗಮನಿಸುವುದು ಅಗತ್ಯ. ಕ್ಲೋಮಿಪ್ರಮೀನ್‌ನಿಂದ ಬಾಯಿ ಒಣಗುವಿಕೆ, ಮಲಬದ್ಧತೆ, ತೂಕ ಹೆಚ್ಚಳ ಕಾಣಿಸಬಹುದು. ಹೃದಯದ ಲಯದ ಮೇಲೆ ಪರಿಣಾಮವಾಗುವ ಸಾಧ್ಯತೆಯಿರುವುದರಿಂದ ಇಸಿಜಿ ಪರೀಕ್ಷೆ ಬೇಕಾಗಬಹುದು. ಯಾವುದೇ ಔಷಧಿಯನ್ನು ಥಟ್ಟನೆ ನಿಲ್ಲಿಸದೆ, ವೈದ್ಯರ ಸಲಹೆಯಂತೆ ಹಂತಹಂತವಾಗಿ ಕಡಿಮೆ ಮಾಡಬೇಕು.

ಔಷಧಿಗೆ ಮಣಿಯದ ರೋಗ

ಮೊದಲ ಔಷಧಿ ಫಲಿಸದಿದ್ದರೆ ಅದೇ ಗುಂಪಿನ ಮತ್ತೊಂದನ್ನು ಅಥವಾ ಕ್ಲೋಮಿಪ್ರಮೀನನ್ನು ಪ್ರಯತ್ನಿಸುತ್ತಾರೆ. ರಿಸ್ಪೆರಿಡೋನ್ ಅಥವಾ ಅರಿಪಿಪ್ರಜೋಲನ್ನು ಅಲ್ಪ ಪ್ರಮಾಣದಲ್ಲಿ ಜೊತೆಗೂಡಿಸಿದಾಗ ಸುಮಾರು ಮೂರನೆಯ ಒಂದು ಭಾಗದಷ್ಟು ರೋಗಿಗಳಿಗೆ ಪ್ರಯೋಜನವಾಗುತ್ತದೆ. ತಲೆಯ ಹೊರಗಿನಿಂದ ಕಾಂತೀಯ ತರಂಗಗಳನ್ನು ಹಾಯಿಸುವ ವಿಧಾನಕ್ಕೆ 2018ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಇದಕ್ಕೆ ಅರಿವಳಿಕೆಯ ಅಗತ್ಯವಿಲ್ಲ. ಜನಸಾಮಾನ್ಯರು 'ಕರೆಂಟ್ ಕೊಡುವುದು' ಎಂದು ಕರೆಯುವ ವಿದ್ಯುತ್ ಕಂಪನ ಚಿಕಿತ್ಸೆಯು ಗೀಳು ಮನೋರೋಗಕ್ಕೆ ವಾಡಿಕೆಯ ಚಿಕಿತ್ಸೆಯಲ್ಲ. ಜೊತೆಯಲ್ಲಿ ತೀವ್ರ ಖಿನ್ನತೆಯಿದ್ದಾಗ ಅದನ್ನು ಬಳಸಬಹುದು.

ಎಲ್ಲ ಚಿಕಿತ್ಸೆಗಳೂ ವಿಫಲವಾದ ಅತಿ ತೀವ್ರ ರೋಗದಲ್ಲಿ ಮಾತ್ರ ಶಸ್ತ್ರಕ್ರಿಯೆಯನ್ನು ಪರಿಗಣಿಸಲಾಗುತ್ತದೆ. ಮೆದುಳಿನ ಆಳದಲ್ಲಿ ವಿದ್ಯುದ್ವಾರಗಳನ್ನು ಅಳವಡಿಸುವ ವಿಧಾನವನ್ನು ಈ ರೋಗದಲ್ಲಿ ಬಳಸಿದ ಬಗ್ಗೆ ಬೆಲ್ಜಿಯಂನ ವೈದ್ಯರು 1999ರಲ್ಲಿ ವರದಿ ಮಾಡಿದರು. ಆಯ್ದ ನರತಂತುಗಳನ್ನು ಮಾತ್ರ ಕಡಿಯುವ ಕ್ಯಾಪ್ಸುಲಾಟಮಿಯಂತಹ ಕ್ರಮಗಳೂ ಇವೆ. ಮೆದುಳಿನ ದೊಡ್ಡ ಭಾಗಕ್ಕೆ ಹಾನಿಯುಂಟುಮಾಡುತ್ತಿದ್ದ ಹಿಂದಿನ ಲೋಬಾಟಮಿಗಿಂತ ಇವು ಬಹಳ ಸೀಮಿತವಾದವು.

ಮನೋಚಿಕಿತ್ಸೆಯೊಂದಿಗಿನ ಸಂಬಂಧ

ಭಯ ಹುಟ್ಟಿಸುವ ಸನ್ನಿವೇಶವನ್ನು ಎದುರಿಸಿಯೂ ಗೀಳಿನ ಕ್ರಿಯೆಯನ್ನು ಮಾಡದಿರಲು ಕಲಿಸುವ ವರ್ತನಾ ಚಿಕಿತ್ಸೆಯು ಔಷಧಿಯಷ್ಟೇ ಮುಖ್ಯವಾದುದು. 1992ರಲ್ಲಿ ಕ್ಯಾಲಿಫೋರ್ನಿಯಾದ ಸಂಶೋಧಕರು ಫ್ಲೂಆಕ್ಸೆಟೀನ್ ಪಡೆದವರ ಮತ್ತು ವರ್ತನಾ ಚಿಕಿತ್ಸೆ ಪಡೆದವರ ಮೆದುಳಿನ ಚಿತ್ರಣಗಳನ್ನು ಅಧ್ಯಯನ ಮಾಡಿದರು. ಗುಣ ಕಂಡವರಲ್ಲಿ, ಎರಡೂ ಗುಂಪುಗಳಲ್ಲಿ, ಸ್ಟ್ರೈಯೇಟಮ್‌ನ ಒಂದು ಭಾಗವಾದ ಬಲಗಡೆಯ ಕಾಡೇಟ್‌ನ ಚಟುವಟಿಕೆ ತಗ್ಗಿತ್ತು. ಹೀಗಾಗಿ ಜೈವಿಕ ಚಿಕಿತ್ಸೆಯನ್ನೂ ಮನೋಚಿಕಿತ್ಸೆಯನ್ನೂ ಪರಸ್ಪರ ವಿರುದ್ಧವಾದ ಮಾರ್ಗಗಳೆಂದು ಭಾವಿಸಬೇಕಾಗಿಲ್ಲ.

ಭಾರತದಲ್ಲಿ

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಈ ರೋಗಕ್ಕಾಗಿಯೇ ವಿಶೇಷ ಚಿಕಿತ್ಸಾ ವಿಭಾಗವಿದೆ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರ ಪ್ರಕಾರ ಮನೋರೋಗಕ್ಕಾಗಿ ಮೆದುಳಿನ ಶಸ್ತ್ರಕ್ರಿಯೆ ನಡೆಸಲು ರೋಗಿಯ ತಿಳಿವಳಿಕೆಯುಕ್ತ ಸಮ್ಮತಿ ಹಾಗೂ ಸಂಬಂಧಿತ ಮಂಡಳಿಯ ಅನುಮೋದನೆ ಎರಡೂ ಕಡ್ಡಾಯ. ಅರಿವಳಿಕೆ ಮತ್ತು ಸ್ನಾಯು ಸಡಿಲಕ ನೀಡದೆ ವಿದ್ಯುತ್ ಕಂಪನ ಚಿಕಿತ್ಸೆ ನಡೆಸುವುದನ್ನು ಇದೇ ಕಾಯ್ದೆ ನಿಷೇಧಿಸಿದೆ. ರೋಗದ ಲಕ್ಷಣಗಳನ್ನು ಅತಿಯಾದ ಮಡಿ ಅಥವಾ ಹಟದ ಸ್ವಭಾವವೆಂದು ಭಾವಿಸಿದಾಗ ಚಿಕಿತ್ಸೆ ವರ್ಷಗಟ್ಟಲೆ ವಿಳಂಬವಾಗುವ ಸಂಭವವಿದೆ. ಚಿಕಿತ್ಸೆಯಿಲ್ಲದೆ ಕಳೆಯುವ ಅವಧಿ ದೀರ್ಘವಾದಷ್ಟೂ ಗುಣಮುಖವಾಗುವುದು ಕಷ್ಟವಾಗಬಹುದು.